ಕೆಂಪು ಸಿಲಿಂಡರಿನ ಕೊರಳ ಚೀಟಿ

ಮನಾಮದ ಗುದೈಬಿಯಾ. ಲಾಂಡ್ರಿಯ ತಲೆಯ ಮೇಲೆ ಐದು ಮಾಳಿಗೆ.
ಬೆಳಿಗ್ಗೆ ಏಳಕ್ಕೇ ಗೋಡೆ
ಮುಟ್ಟಲಿಕ್ಕಾಗದಷ್ಟು ಕಾದಿದೆ.
ನನ್ನ ಕೈಯಲ್ಲಿ ನಾಲ್ಕು ಪುಟದ ಫಾರಂ:
ಬಲಕ್ಕೆ ಅರಬ್ಬಿ, ಎಡಕ್ಕೆ ಇಂಗ್ಲಿಷು,
ನಡುವೆ ಎರಡೆರಡು ಚೌಕ.
ನಾನು ಓದುವುದು ಮಾತ್ರ ಉಂಟು, ಇಲ್ಲ ಎಂದು.

ಅಲಾರ್ಮಿನ ಪೆಟ್ಟಿಗೆ ಉಂಟು. ಒಳಗೆ ವಯರು ಇಲ್ಲ.
ಮೆಟ್ಟಿಲು ಉಂಟು, ಅಂದರೆ ಇತ್ತು;
ಈಗ ಅದರ ಮೇಲೆ ಹಳೆಯದೊಂದು ಫ್ರಿಜ್ಜು,
ಮೂರು ಸೈಕಲ್ಲು, ಯಾರದೋ ಚಪ್ಪಲಿ ವ್ಯಾಪಾರ.
ಟೆರೇಸಿಗೆ ಬಾಗಿಲು ಉಂಟು,
ಬಾಗಿಲಿಗೆ ಮುಷ್ಟಿಗಾತ್ರದ ಬೀಗ.
"ಪಾರಿವಾಳ ಬರ್ತವೆ ಸಾರ್," ಎಂದ ಕಾವಲಿನ ಮೊಫಿಜುಲ್.
ಬೀಗದ ಕೈ ಎಲ್ಲಿ? ಸೊಂಟದಲ್ಲಿ.
ರಾತ್ರಿ ಸೊಂಟ ಎಲ್ಲಿರುತ್ತದೆ?
ನಕ್ಕ. ಪಂಪಿನ ಕೋಣೆಯಲ್ಲಂತೆ,
ಕಿವಿಗೆ ಹತ್ತಿ ತುರುಕಿಕೊಂಡು.

ಮಾಲೀಕರಿಗೆ ಫೋನು ಹಚ್ಚಿದೆ.
ಎರಡನೆಯ ಪುಟದಲ್ಲಿ ಅವರ ಕರ್ತವ್ಯಗಳಿವೆ,
ಇರುವೆ ಸಾಲಿನಂಥ ಅಕ್ಷರದಲ್ಲಿ.
ದನಿ ಸಿಹಿ, ಖರ್ಜೂರ ಬಾಯಲ್ಲಿಟ್ಟು ಮಾತಾಡಿದ ಹಾಗೆ:
"ಕಟ್ಟಡ ನನ್ನದು, ಮಗನೆ. ಬೆಂಕಿ ಬಾಡಿಗೆಯವರದು.
ಬರೆ. ಹೋದ ವರ್ಷ ಬರೆದ ಹಾಗೆ ಬರೆ."

ಹೋದ ವರ್ಷ.
ಎರಡನೆಯ ಮಾಳಿಗೆಯ ಸಿಲಿಂಡರಿನ ಕೊರಳಲ್ಲಿ
ತಾಯಿತದ ಹಾಗೆ ತೂಗುತ್ತಿದೆ ಚೀಟಿ.
ಮುಳ್ಳು ಕೆಂಪಿನಲ್ಲಿ ಮಲಗಿದೆ,
ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿದೆ.
ಚೀಟಿ ಹೇಳುತ್ತದೆ: ಪರೀಕ್ಷಿಸಲಾಗಿದೆ.
ಕೆಳಗೆ ಸಹಿ, ಜೆ. ಬಂಗೇರ.
ಜೆಯ ಬಾಲವನ್ನು ಅಷ್ಟು ಉದ್ದ ಎಳೆಯುವವನು
ಲೋಕದಲ್ಲಿ ನಾನೊಬ್ಬನೇ.

ನೆನಪಾಯಿತು. ವ್ಯಾನು, ಏಸಿಯ ಗಾಳಿ,
ತೊಡೆಯ ಮೇಲೆ ಚೀಟಿಗಳ ಕಟ್ಟು,
ಒಂದು ಕೈಯಲ್ಲಿ ಸಮೋಸ, ಒಂದರಲ್ಲಿ ಪೆನ್ನು.
ನಲವತ್ತಕ್ಕೆ ನಲವತ್ತೂ.
ಕಟ್ಟಿ ಬಂದವನು ಮೊಫಿಜುಲ್. ನಾನು ಇಳಿದೇ ಇರಲಿಲ್ಲ.

ಇಪ್ಪತ್ತೆರಡನೆಯ ಮನೆಯ ಬಾಗಿಲು ತೆರೆದವಳು
ಕಸ್ತೂರಿ, ಅಂಕೋಲೆಯವಳು.
ಎರಡು ಕೋಣೆಗೆ ಪ್ಲೈವುಡ್ಡು ನಿಲ್ಲಿಸಿ ಏಳು ಮಾಡಿದ್ದಾರೆ;
ಹಗಲಿನವರ ಹಾಸಿಗೆಯಲ್ಲಿ ರಾತ್ರಿಯವರ ಬಿಸಿ.
ಹೊಗೆ ಮೂಸುವ ಯಂತ್ರಕ್ಕೆ
ಹೋಟೆಲಿನ ಸ್ನಾನದ ಟೊಪ್ಪಿ ತೊಡಿಸಿದ್ದಾರೆ.
"ಬಂಗಡೆ ಹುರಿದರೆ ಕೂಗ್ತದೆ. ಏನು ಮಾಡುವುದು?"
ಚಹಾ ಕೊಟ್ಟಳು. ನಾನು ಕುಡಿದು ಮುಗಿಸುವವರೆಗೆ ಸುಮ್ಮನಿದ್ದು ಕೇಳಿದಳು,
"ಇಲ್ಲ ಎಂದು ಬರೆದರೆ ನಾವು ಹದಿನೇಳು ಜನ
ಇವತ್ತು ಎಲ್ಲಿ ಮಲಗುವುದು?"
ಫಾರಂ ತಿರುವಿದೆ. ಅದಕ್ಕೆ ಚೌಕ ಇಲ್ಲ.

ಹೊರಡುವಾಗ ಕಿಟಕಿಯ ಹತ್ತಿರ ಕರೆದು, ದನಿ ತಗ್ಗಿಸಿ:
"ಗ್ರಿಲ್ಲಿನ ನಾಲ್ಕು ಸ್ಕ್ರೂನಲ್ಲಿ ಮೂರು ನಾನೇ ಬಿಚ್ಚಿಟ್ಟಿದ್ದೇನೆ.
ನಾಲ್ಕನೆಯದು ಬೆರಳಲ್ಲೇ ಬರ್ತದೆ.
ಕೆಳಗೆ ಲಾಂಡ್ರಿಯ ತಗಡಿನ ಮಾಡು.
ಒಲೆಯಿಂದ ಇಲ್ಲಿಗೆ, ಕಣ್ಣು ಮುಚ್ಚಿ, ಹನ್ನೊಂದು ಹೆಜ್ಜೆ.
ಹುಡುಗಿಯರಿಗೆಲ್ಲ ಕಲಿಸಿದ್ದೇನೆ."
ಕಣ್ಣು ಮುಚ್ಚಿ ನಡೆದು ನೋಡಿದೆ.
ನನಗೆ ಒಂಬತ್ತು.

ನನ್ನ ಚೀಟಿಯ ಕೊರಳ ದಾರ ಕತ್ತರಿಸಿದೆ.
ಸಿಲಿಂಡರು ಇಲ್ಲ. ಅಲಾರ್ಮು ಇಲ್ಲ. ದಾರಿ ಇಲ್ಲ.
ಹೊಣೆಗಾರರ ಹೆಸರು: ಅರಬ್ಬಿಯಲ್ಲಿ,
ಬೋರ್ಡು ನೋಡಿ ಒಂದೊಂದೇ ಅಕ್ಷರ ಇಳಿಸಿದೆ.
ವಾಸವಿರುವವರ ಸಂಖ್ಯೆ:
ಪೆನ್ನು ನಿಂತಿತು. ಖಾಲಿ ಬಿಟ್ಟೆ.
ಆಫೀಸಿನವರು ಕೇಳುತ್ತಾರೆ, ಕೇಳದೆ ಬಿಡುವುದಿಲ್ಲ.
ಏನು ಹೇಳುವುದೋ, ಆಗ ನೋಡುವ.

ಬೀಗ ತೆಗೆಸಿ ನನ್ನ ಚೀಲಕ್ಕೆ ಹಾಕಿಕೊಂಡೆ.
"ಪಾರಿವಾಳ?" ಎಂದ ಮೊಫಿಜುಲ್.
ಬರಲಿ, ಎಂದೆ.

ರಾತ್ರಿ ಹೂರಾದಲ್ಲಿ, ಎಂಟು ಮಂಚದ ನನ್ನ ಕೋಣೆಯಲ್ಲಿ
ನಿದ್ದೆ ಹತ್ತಲಿಲ್ಲ. ಚೀಲದೊಳಗಿನ ಬೀಗ ತಲೆದಿಂಬಿಗೆ ಒತ್ತುತ್ತಿತ್ತು.
ಎದ್ದು ಕಾರಿಡಾರಿನಲ್ಲಿ ಹೆಜ್ಜೆ ಎಣಿಸಿದೆ.
ಹದಿನಾಲ್ಕಕ್ಕೆ ಯಾರದೋ ವಾಷಿಂಗ್ ಮೆಷಿನ್ನು ಮೊಣಕಾಲಿಗೆ ಬಡಿಯಿತು.
ಟಾರ್ಚು ಹಾಕಿದರೆ ಮೂಲೆಯಲ್ಲಿ ಕೆಂಪು ಸಿಲಿಂಡರು,
ಕೊರಳಲ್ಲಿ ಚೀಟಿ. ಪರೀಕ್ಷಿಸಲಾಗಿದೆ.
ಸಹಿ ನನ್ನದಲ್ಲ.
ಅಕ್ಷರ ಚಂದ ಉಂಟು.
ಅಂಚಿನಲ್ಲಿ ಎಣ್ಣೆಯ ಬೆರಳಚ್ಚು.